ಬೈಕಿನ ಹಿಂದೆ ಚಿರತೆ, ತೋಟದೊಳಗೆ ಆನೆ

2023ರ ಜುಲೈ ತಿಂಗಳು. ಅರಸೀಕೆರೆ ತಾಲ್ಲೂಕು ಗಂಡಸಿ ಹೋಬಳಿಯ ಬಾಗಿವಾಳು ಗ್ರಾಮದ ಯುವ ರೈತನೊಬ್ಬ ಎಂದಿನಂತೆ ಹೊಲದ ಕಡೆ ಹೋಗಿದ್ದ. ಅಲ್ಲಿಂದ ಹೊರಟಾಗ ಅವನ ಬೈಕಿನ ಹಿಂದೆ ಒಂದು ಚಿರತೆ ಇತ್ತು. ಅಟ್ಟಿಸಿಕೊಂಡು ಬರುತ್ತಿದ್ದ ಚಿರತೆಯಲ್ಲ. ಕಾಲುಗಳನ್ನು ಹಗ್ಗದಲ್ಲಿ ಬಿಗಿದು, ಹುಲ್ಲಿನ ಹೊರೆಯಂತೆ ಸೀಟಿನ ಹಿಂದೆ ಕಟ್ಟಿದ್ದ ಜೀವಂತ ಚಿರತೆ. ಅದನ್ನು ನೇರ ಅರಣ್ಯ ಇಲಾಖೆಯವರಿಗೆ ತಂದು ಒಪ್ಪಿಸಿದ.

ಆ ವಿಡಿಯೊ ನೋಡನೋಡುತ್ತಿದ್ದಂತೆ ದೇಶವನ್ನೆಲ್ಲ ಸುತ್ತಿತು. ನೋಡಿದವರಲ್ಲಿ ಅರ್ಧ ಜನ ಶಹಬ್ಬಾಸ್ ಎಂದರು, ಇನ್ನರ್ಧ ಜನ ಅಯ್ಯೋ ಪಾಪ ಎಂದರು. ಚಿರತೆಗೆ ಆಗ ಸುಮಾರು ಒಂಬತ್ತು ತಿಂಗಳು. ತಾಯಿಯ ಜೊತೆ ಬೇಟೆ ಕಲಿಯುವ ವಯಸ್ಸು. ಮೇಲೆರಗಿದಾಗ ಪ್ರಾಣ ಉಳಿಸಿಕೊಳ್ಳಲು ಹಿಡಿದೆ, ಕೊಲ್ಲುವ ಮನಸ್ಸಿರಲಿಲ್ಲ ಎಂಬುದು ಆತನ ಮಾತು. ಕೈಗೆ ಗಾಯಗಳಾಗಿದ್ದವು. ದುರುದ್ದೇಶವಿರಲಿಲ್ಲ, ತಿಳಿವಳಿಕೆಯ ಕೊರತೆಯಿಂದ ಹೀಗೆ ಮಾಡಿದ್ದಾನೆ ಎಂದು ಅಧಿಕಾರಿಗಳೂ ಹೇಳಿದರು. ಚಿರತೆಗೆ ಚಿಕಿತ್ಸೆ ಸಿಕ್ಕಿತು, ಬದುಕಿಕೊಂಡಿತು.

ಎಲ್ಲ ಪ್ರಕರಣಗಳೂ ಹೀಗೆ ಮುಗಿಯುವುದಿಲ್ಲ. ಅದೇ ತಾಲ್ಲೂಕಿನ ಬೆಂಡೇಕೆರೆ ಬಳಿ 2021ರ ಫೆಬ್ರುವರಿಯಲ್ಲಿ ಹೆಂಡತಿ, ಮಗಳನ್ನು ಕೂರಿಸಿಕೊಂಡು ಬೈಕಿನಲ್ಲಿ ಹೋಗುತ್ತಿದ್ದ ವ್ಯಕ್ತಿಯ ಮೇಲೆ ಚಿರತೆ ಎರಗಿತು. ಆ ಸೆಣಸಾಟದಲ್ಲಿ ಸತ್ತದ್ದು ಚಿರತೆ. ಮುಖವೆಲ್ಲ ರಕ್ತಸಿಕ್ತವಾಗಿ ನಿಂತಿದ್ದ ಆತನ ಫೋಟೊ ಪತ್ರಿಕೆಗಳಲ್ಲಿ ಬಂತು. ಹೆಂಡತಿ, ಮಗಳು ಉಳಿದರು. ಅಂಥ ಗಳಿಗೆಯಲ್ಲಿ ಯಾರಾದರೂ ಅದನ್ನೇ ಮಾಡಿಯಾರು; ಅದರ ತಪ್ಪು ಒಪ್ಪು ಲೆಕ್ಕ ಹಾಕುವುದು ಮನೆಯಲ್ಲಿ ಕುಳಿತವರಿಗೆ ಸುಲಭ.

ಎರಡು ವರ್ಷದ ಅಂತರದಲ್ಲಿ ಒಂದೇ ತಾಲ್ಲೂಕಿನಲ್ಲಿ ನಡೆದ ಈ ಎರಡು ಘಟನೆಗಳೂ ನಡೆದದ್ದು ದಟ್ಟ ಕಾಡಿನಲ್ಲಲ್ಲ. ರಾಗಿ, ತೆಂಗು, ಕುರಿಹಟ್ಟಿಗಳ ಊರಿನಲ್ಲಿ. ಹಾಸನ ಜಿಲ್ಲೆಯ ಕತೆ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು.

ಈ ಜಿಲ್ಲೆ ಎರಡು ಸೀಮೆಗಳನ್ನು ಸೇರಿಸಿ ಹೊಲಿದದ್ದು. ಪಶ್ಚಿಮದ ಸಕಲೇಶಪುರದಲ್ಲಿ ತಿಂಗಳುಗಟ್ಟಲೆ ಮಳೆ ಹಿಡಿದು ಕಾಫಿ ಗಿಡದ ಕೆಳಗೆ ಜಿಗಣೆ ಓಡಾಡುವಾಗ, ಪೂರ್ವದ ಅರಸೀಕೆರೆಯಲ್ಲಿ ರೈತ ಆಕಾಶ ನೋಡುತ್ತಾ ಕೂತಿರುತ್ತಾನೆ. ಆಲೂರು, ಬೇಲೂರು, ಅರಕಲಗೂಡು ಅರೆಮಲೆನಾಡು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ ಬಯಲು. ಹೀಗಾಗಿ ಒಂದೇ ಜಿಲ್ಲೆಯೊಳಗೆ ಪಶ್ಚಿಮದವರಿಗೆ ಆನೆಯ ಚಿಂತೆ, ಪೂರ್ವದವರಿಗೆ ಚಿರತೆ, ಕರಡಿಯ ಚಿಂತೆ. ಮಂಗ ಮತ್ತು ಹಾವಿನ ಚಿಂತೆ ಮಾತ್ರ ಎಲ್ಲರಿಗೂ ಸಮಪಾಲು.

ಈ ಮುಖಾಮುಖಿ ಹೊಸದೂ ಅಲ್ಲ. ಬೇಲೂರಿನ ದೇವಸ್ಥಾನದ ಬಾಗಿಲಲ್ಲೇ ಸಳ ಹುಲಿಯನ್ನು ಹೊಡೆಯುತ್ತಾ ನಿಂತಿದ್ದಾನೆ. ಅದು ಐತಿಹ್ಯ ಎಂದು ಬದಿಗಿಟ್ಟರೂ ಹುಲಿ, ಹಂದಿಗಳ ಜೊತೆ ಕಾದಾಡಿ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಪಕ್ಕದ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲು ಸಿಕ್ಕಿತು. ಕಾಳಿ ಎಂಬ ಬೇಟೆನಾಯಿ ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಒಡೆಯ ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಜಮೀನನ್ನೂ ಬಿಡಿಸಿದ. ಊರಿಗೂ ಕಾಡಿಗೂ ನಡುವೆ ಬೇಲಿ ಇಲ್ಲದ ಕಾಲದ ದಾಖಲೆ ಅದು. ಬೇಲಿ ಈಗಲೂ ಇಲ್ಲ, ಇದ್ದರೂ ನಿಲ್ಲುತ್ತಿಲ್ಲ ಎಂಬುದು ಬೇರೆ ಮಾತು.

ಅರಸೀಕೆರೆ ಸೀಮೆಯ ಅತ್ಯಂತ ಭಯಾನಕ ಪ್ರಾಣಿ ಯಾವುದು ಎಂದರೆ ಹಳೆಯ ತಲೆಮಾರಿನ ಓದುಗರು ಚಿರತೆ ಎನ್ನುವುದಿಲ್ಲ, ಕರಡಿ ಎನ್ನುತ್ತಾರೆ. ಅದಕ್ಕೆ ಕಾರಣ ಕೆನೆತ್ ಆಂಡರ್ಸನ್. ಬೆಂಗಳೂರಿನಲ್ಲಿ ನೆಲೆಸಿದ್ದ ಈ ಬೇಟೆಗಾರ 1957ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅರಸೀಕೆರೆಯ ಪೂರ್ವಕ್ಕಿರುವ ನಾಗವಾರ ಗುಡ್ಡಗಳ ಕರಡಿಯೊಂದರ ಕತೆ ಬರೆದ. ಆತನ ಪ್ರಕಾರ ಆ ಕರಡಿ ಕನಿಷ್ಠ 12 ಜನರನ್ನು ಕೊಂದಿತ್ತು, ಅದರ ಎರಡರಷ್ಟು ಜನರನ್ನು ಗಾಯಗೊಳಿಸಿತ್ತು. ಸತ್ತವರಲ್ಲಿ ಒಬ್ಬ ಆಂಡರ್ಸನ್‌ನ ಪರಿಚಿತರ ಮಗ. ಅರಸೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯ ಬದಿಯ ದರ್ಗಾವೊಂದನ್ನು ನೋಡಿಕೊಳ್ಳುತ್ತಿದ್ದ ಮುದುಕನ ಮಗ. ರಾತ್ರಿ ಮನೆಯಿಂದ ಹೊರಗೆ ಬಂದಾಗ ಕರಡಿ ಎದುರಾಗಿತ್ತು. ಅದರ ಮರಿಗಳನ್ನು ಯಾರೋ ಕದ್ದರಂತೆ, ಅದಕ್ಕೇ ಹಗೆ ತೀರಿಸಿಕೊಳ್ಳುತ್ತಿದೆಯಂತೆ ಎಂಬ ಮಾತು ಊರೂರಿನಲ್ಲಿ ಹಬ್ಬಿತ್ತು. ಬರಿಗೈಯಲ್ಲಿ ಮರಳಿದ ಮೇಲೆ ಪುನಃ ಬಂದು ಆಂಡರ್ಸನ್ ಕೊನೆಗೂ ಅದನ್ನು ಹೊಡೆದ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ ಬರಹಗಳನ್ನು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದ ಮೇಲೆ ಈ ಬೇಟೆಗಾರ ಹಳ್ಳಿಯ ಗ್ರಂಥಾಲಯಗಳಿಗೂ ತಲುಪಿದ.

ಕತೆಯಲ್ಲಿ ರೋಮಾಂಚನ ಎಷ್ಟೇ ಇರಲಿ, ಕರಡಿಯ ಸ್ವಭಾವದ ಬಗ್ಗೆ ಆಂಡರ್ಸನ್ ಹೇಳುವುದು ಇಂದಿಗೂ ನಿಜ. ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ. ಮೂಗು ಮಾತ್ರ ಬಲು ಚುರುಕು. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲನ್ನು ಸೊರ್ರೆಂದು ಹೀರುವಾಗ ಅದು ಮಾಡುವ ಸದ್ದೇ ಸಾಕಷ್ಟು. ಆ ಗದ್ದಲದಲ್ಲಿ ಮನುಷ್ಯನ ಹೆಜ್ಜೆ ಸಪ್ಪಳ ಅದಕ್ಕೆ ಕೇಳುವುದೇ ಇಲ್ಲ. ಗಾಳಿ ಎದುರಿನಿಂದ ಬೀಸುತ್ತಿದ್ದರೆ ವಾಸನೆಯೂ ಸಿಗುವುದಿಲ್ಲ. ತಲೆ ಎತ್ತಿ ನೋಡುವಾಗ ಎರಡು ಮಾರು ದೂರದಲ್ಲಿ ಮನುಷ್ಯ ನಿಂತಿರುತ್ತಾನೆ. ಇಬ್ಬರಿಗೂ ಒಮ್ಮೆಗೇ ಗಾಬರಿ. ಗಾಬರಿಬಿದ್ದ ಕರಡಿ ಹಿಂಗಾಲಿನ ಮೇಲೆದ್ದು ನಿಂತು ಉಗುರಿನಿಂದ ಮುಖಕ್ಕೇ ಹೊಡೆಯುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರಂತೂ ಮುಗಿಯಿತು. ಕರಡಿ ದಾಳಿಯಲ್ಲಿ ಬದುಕಿ ಉಳಿದವರ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಎದುರುಬದುರು ಆಗುವ ವೇಳೆ ಯಾವುದು? ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗುವಾಗ, ಕತ್ತಲಾದ ಮೇಲೆ ದನ ಹುಡುಕುವಾಗ, ಬಂಡೆಗುಡ್ಡದ ಪಕ್ಕದ ತೋಟದಲ್ಲಿ ಬಿದ್ದ ಹಲಸಿನ ಹಣ್ಣು ಆರಿಸುವಾಗ. ಮನುಷ್ಯನೂ ಹಣ್ಣಿಗೇ ಬಂದಿರುತ್ತಾನೆ, ಕರಡಿಯೂ ಹಣ್ಣಿಗೇ ಬಂದಿರುತ್ತದೆ.

ಚಿರತೆಯ ಲೆಕ್ಕಾಚಾರ ಬೇರೆ. ಅದು ಮನುಷ್ಯನನ್ನು ನೋಡದೆ ಇದ್ದು ಬೆಚ್ಚಿಬೀಳುವ ಪ್ರಾಣಿಯಲ್ಲ. ನಮ್ಮನ್ನು ದಿನವೂ ನೋಡುತ್ತಾ, ನಮ್ಮ ಕಣ್ಣಿಗೆ ಬೀಳದೆ ಬದುಕುವುದರಲ್ಲಿ ಪಳಗಿದ ಪ್ರಾಣಿ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಈ ಲೆಕ್ಕ ಮುಖ್ಯವಾಗಿ ಕಾಡುಗಳದ್ದು. ಕಬ್ಬಿನ ಗದ್ದೆಯ, ಕಲ್ಲುಗುಡ್ಡದ ಚಿರತೆಗಳೆಲ್ಲ ಇದರಲ್ಲಿ ಸೇರಿಲ್ಲ.

ಕಬ್ಬಿನ ಗದ್ದೆಯ ಚಿರತೆ ಎಂದರೆ ದಾರಿ ತಪ್ಪಿ ಬಂದದ್ದು ಎಂದೇ ನಾವು ತಿಳಿಯುತ್ತೇವೆ. ‘ಕಾಡಿನಿಂದ ನಾಡಿಗೆ ಬಂದ ಚಿರತೆ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ವಿಜ್ಞಾನಿ ವಿದ್ಯಾ ಆತ್ರೇಯ ಅವರ ತಂಡ ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ ಗದ್ದೆ, ಮನೆಗಳ ನಡುವೆ ಕ್ಯಾಮೆರಾ ಇಟ್ಟು ನೋಡಿದಾಗ ಬೇರೆಯೇ ಚಿತ್ರ ಸಿಕ್ಕಿತು. ಕಾಡೇ ಇಲ್ಲದ ಆ ಸೀಮೆಯಲ್ಲಿ 100 ಚದರ ಕಿಲೋಮೀಟರಿಗೆ ಸುಮಾರು ಐದು ವಯಸ್ಕ ಚಿರತೆಗಳಿದ್ದವು. ಅಲ್ಲಿಯೇ ಮರಿ ಹಾಕಿ, ಅಲ್ಲಿಯೇ ಬೆಳೆದವು. ಅವುಗಳ ಆಹಾರದಲ್ಲಿ ದೊಡ್ಡ ಪಾಲು ಊರ ನಾಯಿಗಳದ್ದು. ಹಳ್ಳಿಯಲ್ಲಿ ಚಿರತೆ ಬಂದಿದೆ ಎಂಬುದು ಮೊದಲು ಗೊತ್ತಾಗುವುದೂ ಹೀಗೆಯೇ ಅಲ್ಲವೆ? ರಾತ್ರಿ ಬೊಗಳುತ್ತಿದ್ದ ನಾಯಿ ಬೆಳಿಗ್ಗೆ ಇರುವುದಿಲ್ಲ.

ಚನ್ನರಾಯಪಟ್ಟಣ, ಹೊಳೆನರಸೀಪುರ ತಾಲ್ಲೂಕುಗಳನ್ನು ಈ ಕಣ್ಣಿನಿಂದ ನೋಡಬೇಕು. ಶ್ರವಣಬೆಳಗೊಳದ ಸುತ್ತಮುತ್ತಲಿನಂತೆ, ಮಾವಿನಕೆರೆ ಬೆಟ್ಟದಂತೆ ಬಂಡೆಗಳ ಮೇಲೆ ಬಂಡೆ ಕೂತ ಗುಡ್ಡಗಳು ಇಲ್ಲಿ ಉದ್ದಕ್ಕೂ ಇವೆ. ಬಂಡೆಗಳ ಸಂದಿಯಲ್ಲಿ ಹಗಲು ಮಲಗಲು ನೆರಳು, ಮರಿ ಹಾಕಲು ಗವಿ. ಕೆಳಗೆ ಹೇಮಾವತಿ ನಾಲೆಯ ನೀರು. ನಾಲೆ ಬಂದಲ್ಲಿ ಕಬ್ಬು, ತೆಂಗು, ಮೆಕ್ಕೆಜೋಳ ಬಂತು. ಚನ್ನರಾಯಪಟ್ಟಣದ ಪಕ್ಕ ಶ್ರೀನಿವಾಸಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೇ ಎದ್ದಿತು. ಆಳೆತ್ತರದ ಕಬ್ಬು ಮನುಷ್ಯನಿಗೆ ಬೆಳೆ, ಚಿರತೆಗೆ ವರ್ಷವಿಡೀ ಬಾಗಿಲು ಹಾಕಿದ ಮನೆ. ಬಾಗಿಲು ತೆರೆಯುವುದು ಕಟಾವಿನ ದಿನ. ಕುಡುಗೋಲು ಹಿಡಿದು ಸಾಲಿನೊಳಗೆ ಹೋದ ಆಳುಗಳಿಗೆ ಕಣ್ಣು ಸರಿಯಾಗಿ ಬಿಡದ ಎರಡು ಮೂರು ಮರಿಗಳು ಕಾಣುತ್ತವೆ. ಕೆಲಸ ನಿಲ್ಲುತ್ತದೆ, ಮೊಬೈಲುಗಳು ಹೊರಬರುತ್ತವೆ, ಮಕ್ಕಳ ಮಡಿಲಿಗೆ ಮರಿ ಹೋಗುತ್ತದೆ.

ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಈಚಿನ ವರ್ಷಗಳಲ್ಲಿ ಅರಣ್ಯ ಸಿಬ್ಬಂದಿ ಮಾಡುತ್ತಿರುವ ಒಂದು ಒಳ್ಳೆಯ ಕೆಲಸವೆಂದರೆ ಮರಿಗಳನ್ನು ಮೃಗಾಲಯಕ್ಕೆ ಸಾಗಿಸುವ ಬದಲು ಸಿಕ್ಕ ಜಾಗದಲ್ಲೇ ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಜನರನ್ನು ದೂರ ಕಳಿಸಿ, ಕ್ಯಾಮೆರಾ ಹೂಡಿ ಕಾಯುವುದು. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಮರಿ ಕಳೆದುಕೊಂಡ ತಾಯಿ ಊರೊಳಗೆ ಸುತ್ತುವುದಕ್ಕಿಂತ ಇದು ಊರಿಗೂ ಕ್ಷೇಮ.

ಬೋನಿನ ವಿಷಯಕ್ಕೆ ಬಂದರೆ ಮಾತು ಸ್ವಲ್ಪ ಕಹಿಯಾಗುತ್ತದೆ. ಚಿರತೆ ಕಂಡಿತು ಎಂದ ಕೂಡಲೇ ಊರಿನವರು ಕೇಳುವುದು ಬೋನು. ಒಳಗೆ ಒಂದು ನಾಯಿಯನ್ನೋ ಮೇಕೆಯನ್ನೋ ಕಟ್ಟಿ ಇಟ್ಟರೆ ಯಾವುದೋ ಒಂದು ಚಿರತೆ ಬೀಳುತ್ತದೆ. ಕುರಿ ಹಿಡಿದ ಚಿರತೆಯೇ ಬಿತ್ತೆಂದು ಹೇಳುವವರು ಯಾರು? ಬಿದ್ದದ್ದನ್ನು ದೂರದ ಕಾಡಿಗೆ ಬಿಟ್ಟು ಬರುತ್ತಾರೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಹೀಗೆ ಹಿಡಿದು ಬಿಡುವ ಕೆಲಸ ಜೋರಾಗಿ ನಡೆಯಿತು. ಬೇರೆಡೆಯಿಂದ ತಂದ 29 ಚಿರತೆಗಳನ್ನು ಅಲ್ಲಿನ ಕಾಡುಗಳಿಗೆ ಬಿಟ್ಟರು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ ನಾಲ್ಕು ಇದ್ದ ಮನುಷ್ಯರ ಮೇಲಿನ ದಾಳಿ ಆಮೇಲೆ 17ಕ್ಕೆ ಏರಿತು. ಗೊತ್ತಿಲ್ಲದ ನೆಲ, ಬೋನಿನಲ್ಲಿ ಮುರಿದ ಹಲ್ಲು, ಜನರ ಗಲಾಟೆಯಿಂದ ಕೆರಳಿದ ಪ್ರಾಣಿ. ಜೊತೆಗೆ ಖಾಲಿಯಾದ ಜಾಗಕ್ಕೆ ಇನ್ನೊಂದು ಹರೆಯದ ಚಿರತೆ ಬಂದು ಕೂರುತ್ತದೆ. ಬೋನಿಗೆ ಬಿದ್ದ ಚಿರತೆಯ ಫೋಟೊ ಮರುದಿನ ಪತ್ರಿಕೆಯಲ್ಲಿ ಬಂದರೆ ಊರು ನಿಟ್ಟುಸಿರು ಬಿಡುತ್ತದೆ. ಆ ನಿಟ್ಟುಸಿರಿಗೆ ಆಧಾರ ಕಡಿಮೆ.

ಇನ್ನು ಜನ ಸೇರುವ ವಿಚಾರ. 2016ರ ಫೆಬ್ರುವರಿ 7ರ ಭಾನುವಾರ ಬೆಂಗಳೂರಿನ ಖಾಸಗಿ ಶಾಲೆಯೊಂದಕ್ಕೆ ಚಿರತೆ ನುಗ್ಗಿದ್ದು ಓದುಗರಿಗೆ ನೆನಪಿರಬಹುದು. ಹಗಲೆಲ್ಲ ನಡೆದ ಕಾರ್ಯಾಚರಣೆಯಲ್ಲಿ ಸುತ್ತಲೂ ಸಾವಿರಾರು ಜನ. ಈಜುಕೊಳದ ಪಕ್ಕದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರನ್ನು ಚಿರತೆ ಕಚ್ಚಿ ಎಳೆದ ದೃಶ್ಯ ಜಗತ್ತಿನಾದ್ಯಂತ ಪ್ರಸಾರವಾಯಿತು. ಚಿರತೆಯ ಬಗ್ಗೆ ರಾಜ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರಲ್ಲಿ ಅವರೂ ಒಬ್ಬರು. ಅಂಥವರಿಗೇ ಹೀಗಾಯಿತು ಎಂದಮೇಲೆ ದೊಣ್ಣೆ ಹಿಡಿದು ಛಾವಣಿ ಹತ್ತುವ ಹುಡುಗರ ಪಾಡೇನು? ಬನ್ನೇರುಘಟ್ಟಕ್ಕೆ ಸಾಗಿಸಿದ ಆ ಚಿರತೆ ವಾರದೊಳಗೆ ಅಲ್ಲಿಂದಲೂ ತಪ್ಪಿಸಿಕೊಂಡಿತು. ಹಳ್ಳಿಯಲ್ಲೂ ಅಷ್ಟೇ. ಪೊದೆಯಲ್ಲಿ ಅಡಗಿದ ಚಿರತೆ ಕತ್ತಲಾಗುವವರೆಗೆ ಕಾದು ತಾನಾಗಿ ಹೋಗಬೇಕೆಂದಿರುತ್ತದೆ. ನಾಲ್ಕೂ ಕಡೆ ಜನ ನಿಂತು ಕೂಗಿದರೆ ಅದಕ್ಕೆ ಉಳಿಯುವ ದಾರಿ ಒಂದೇ, ಜನರ ಮೇಲೆ ಹಾರಿ ಹೋಗುವುದು. ಗಾಯಾಳುಗಳ ಪಟ್ಟಿ ಉದ್ದವಾಗುವುದು ಬಹುಪಾಲು ಹೀಗೆ, ಚಿರತೆ ಬಂದ ಕಾರಣಕ್ಕಲ್ಲ.

ಅರಕಲಗೂಡಿನ ಕಡೆ ತಿರುಗಿದರೆ ನೋಟವೇ ಬದಲಾಗುತ್ತದೆ. ತಾಲ್ಲೂಕಿನ ಪಶ್ಚಿಮದ ಅಂಚು ಕೊಡಗಿಗೆ ತಾಗಿಕೊಂಡಿದೆ. ಕಟ್ಟೇಪುರದ ಕಡೆಯ ಕಾಡು ದಾಟಿ ಬರುವ ಆನೆಗೆ ಜಿಲ್ಲೆಯ ಗಡಿ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಇಲ್ಲಿ ಹೊಗೆಸೊಪ್ಪು ದೊಡ್ಡ ಬೆಳೆ, ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆ. ಹೊಗೆಸೊಪ್ಪು ಆನೆಗೆ ಮೇವಲ್ಲ. ಆದರೆ ಪಕ್ಕದ ಭತ್ತದ ಗದ್ದೆಗೋ ಬಾಳೆಗೋ ಹೋಗುವ ಹಾದಿಯಲ್ಲಿ ಅದು ಇದ್ದರೆ ತುಳಿದು ಹೋಗುತ್ತವೆ. ಸೊಪ್ಪು ಕೊಯ್ದ ಮೇಲೆ ಬ್ಯಾರನ್‌ನಲ್ಲಿ ಒಣಗಿಸುವ ದಿನಗಳಲ್ಲಿ ರೈತನಿಗೆ ರಾತ್ರಿ ನಿದ್ದೆಯಿಲ್ಲ. ಶಾಖ ಇಳಿಯದಂತೆ ಗಳಿಗೆಗೊಮ್ಮೆ ಸೌದೆ ಒಟ್ಟುತ್ತಾ ಒಲೆಯ ಮುಂದೆ ಕೂತಿರಬೇಕು. ಸೌದೆ ತರಲು ಹಿತ್ತಲಿಗೆ ಹೋದಾಗ ಕತ್ತಲೆಯ ಒಂದು ತುಂಡು ಅಲುಗಾಡಿದರೆ ಅದು ಆನೆ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ಬರುತ್ತದೆ ಎಂದರೆ ಪೇಟೆಯವರು ನಂಬುವುದಿಲ್ಲ. ಅಂಗಾಲಿನ ಮೆತ್ತನೆಯ ಗದ್ದಿಗೆ ಹೆಜ್ಜೆಯ ಸದ್ದನ್ನು ನುಂಗಿಬಿಡುತ್ತದೆ.

ಹಾಸನ ಜಿಲ್ಲೆಗೆ ಆನೆ ಕಾಟ ಬಂದದ್ದು ಹೇಗೆ ಎಂಬುದಕ್ಕೆ ಒಂದೇ ಉತ್ತರ ಸಾಲದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಹಳ್ಳಿಗಳು ಮುಳುಗಿದವು, ಜನ ಬೇರೆಡೆ ಹೋದರು. ಹಿನ್ನೀರಿನ ಅಂಚಿನಲ್ಲಿ ಜನ ಬಿಟ್ಟುಹೋದ ಜಮೀನಿನಲ್ಲಿ ಲಂಟಾನ, ಪೊದೆ ಬೆಳೆದು ಆನೆಗೆ ಹಗಲು ನಿಲ್ಲುವ ಮರೆಯಾಯಿತು. ನೀರು ಪಕ್ಕದಲ್ಲಿ, ಭತ್ತ ಎದುರಿನಲ್ಲಿ, ನೆರಳಿಗೆ ಕಾಫಿ ತೋಟ. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕಾದ ಪ್ರಾಣಿ ಇಂಥ ಜಾಗವನ್ನು ಬಿಟ್ಟು ಹೋಗಲು ಕಾರಣವೇ ಇರಲಿಲ್ಲ. ಇಲ್ಲಿ ಹುಟ್ಟಿದ ಮರಿಗಳಿಗೆ ತೋಟವೇ ತವರು. ಕಾಡಿಗೆ ಓಡಿಸಿ ಎಂದರೆ ಅವಕ್ಕೆ ಗೊತ್ತಿರುವ ಕಾಡು ಯಾವುದು?

ಹೈಕೋರ್ಟ್ ಆದೇಶದಂತೆ ರಚನೆಯಾದ, ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳನ್ನು ಉಳಿಸಿಕೊಳ್ಳಬೇಕಾದ ಪ್ರದೇಶ, ಜನರೂ ಆನೆಗಳೂ ಹೊಂದಿಕೊಂಡು ಇರಬೇಕಾದ ಪ್ರದೇಶ, ಆನೆಗಳನ್ನು ತೆಗೆಯಲೇಬೇಕಾದ ಪ್ರದೇಶ ಎಂದು ಮೂರು ಬಗೆಯಾಗಿ ವಿಂಗಡಿಸಿ, ಆಲೂರು ಭಾಗವನ್ನು ಮೂರನೆಯದಕ್ಕೆ ಸೇರಿಸಿತು. 2014ರ ಸುಮಾರಿಗೆ ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಒಂದಷ್ಟು ಕಾಲ ನಿರಾಳ. ಆಮೇಲೆ ಮತ್ತೆ ಆನೆಗಳು ಬಂದವು. ಚಿರತೆಯಲ್ಲಿ ಕಂಡ ಪಾಠವೇ ಇದು, ಗಾತ್ರ ಮಾತ್ರ ದೊಡ್ಡದು: ಜಾಗ ಹಾಗೆಯೇ ಇದ್ದರೆ ಬಾಡಿಗೆದಾರ ಬದಲಾಗುತ್ತಾನೆ, ಅಷ್ಟೆ.

ಈಗ ಸಕಲೇಶಪುರ, ಬೇಲೂರು ಕಡೆಯ ಜನರಿಗೆ ಆನೆಗಳು ಹೆಸರಿನಿಂದಲೇ ಪರಿಚಿತ. ಭೀಮ, ಕರಡಿ ಎಂಬ ಸಲಗಗಳು. ಬೀಟಮ್ಮ, ಭುವನೇಶ್ವರಿ ಎಂಬ ಹೆಣ್ಣಾನೆಗಳ ಹೆಸರಿನ ಹಿಂಡುಗಳು. ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಇದೆ. ಇವತ್ತು ಬೀಟಮ್ಮನ ಗುಂಪು ಯಾವ ತೋಟದಲ್ಲಿದೆ ಎಂಬ ಸಂದೇಶ ಬೆಳಿಗ್ಗೆ ಮೊಬೈಲಿಗೆ, ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಆ ತೋಟಕ್ಕೆ ಅಂದು ಆಳುಗಳನ್ನು ಕಳಿಸುವುದಿಲ್ಲ. ಅರಣ್ಯ ಇಲಾಖೆ ಮತ್ತು ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನಂಥ ಸಂಸ್ಥೆಗಳು ಬೆಳೆಸಿದ ಈ ವ್ಯವಸ್ಥೆ ಕೇಳಲು ಸಣ್ಣದು. ಆದರೆ ಆನೆಯಿಂದ ಸಾಯುವವರಲ್ಲಿ ಬಹಳ ಮಂದಿ ಆನೆ ಅಲ್ಲಿದೆ ಎಂದೇ ಗೊತ್ತಿಲ್ಲದೆ ಹೋದವರು. ಮಂಜು ಮುಸುಕಿದ ಬೆಳಿಗ್ಗೆ ಕಾಫಿ ಕೊಯ್ಯಲು ಹೊರಟ ಕೂಲಿ ಹೆಂಗಸರು, ಸಂಜೆ ಅಂಗಡಿಯಿಂದ ಸಾಮಾನು ಹಿಡಿದು ನಡೆದು ಬರುವವರು. ಆನೆಗಿಂತ ಮುಂಚೆ ಸುದ್ದಿ ತಲುಪಿದರೆ ಅರ್ಧ ಜೀವ ಉಳಿದಂತೆ. ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ಬ್ಯಾರಿಕೇಡ್‌ಗಳಿಗೆ ಸುರಿದ ಹಣಕ್ಕೆ ಹೋಲಿಸಿದರೆ ಒಂದು ಸಂದೇಶದ ಖರ್ಚು ಏನೂ ಅಲ್ಲ.

ಹಾಗೆಂದು ಆನೆಯ ಜೊತೆ ಪಳಗಿದವರಿಗೂ ಖಾತ್ರಿ ಇಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹಾಕಬೇಕಿತ್ತು. ಎಷ್ಟೋ ಕಾರ್ಯಾಚರಣೆಗಳಲ್ಲಿ ಪಳಗಿದ ಗುರಿಕಾರರೊಬ್ಬರು ಗುರಿಯಿಟ್ಟು ಹೊಡೆದರು. ಆನೆ ತಿರುಗಿಬಿತ್ತು. ಅದಕ್ಕೆ ಮದ್ದು ಕೊಡಲು ಹೋದವರೇ ಅದರ ಕಾಲ ಕೆಳಗೆ ಸಿಕ್ಕಿ ತೀರಿಕೊಂಡರು.

ಮೂರು ತಿಂಗಳ ನಂತರ ಡಿಸೆಂಬರ್ 4ರಂದು ಇನ್ನೊಂದು ಆಘಾತ. ಸಕಲೇಶಪುರ ತಾಲ್ಲೂಕು ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ನೆಡುತೋಪಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆದಿತ್ತು. ಸಾಕಾನೆಗಳ ಮುಂದಾಳು ಅರ್ಜುನ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರೆಯ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತಿದ್ದ ಆನೆ. ವಯಸ್ಸು ಅರವತ್ತು ದಾಟಿತ್ತು. ಮದವೇರಿದ್ದ ಸಲಗವೊಂದು ಎದುರಿಗೆ ನುಗ್ಗಿತು. ಉಳಿದ ಸಾಕಾನೆಗಳು ಹಿಂಜರಿದವು, ಅರ್ಜುನ ಎದುರಾದ. ಹೊಟ್ಟೆಗೆ ತಿವಿದ ದಂತದಿಂದ ಅಲ್ಲೇ ಉರುಳಿದ. ಮರುದಿನ ಅದೇ ಜಾಗದಲ್ಲಿ ಮಣ್ಣು ಮಾಡುವಾಗ ಮಾವುತ ಬಿಕ್ಕಿಬಿಕ್ಕಿ ಅತ್ತದ್ದನ್ನು ಟಿ.ವಿ.ಯಲ್ಲಿ ನೋಡಿದ ರಾಜ್ಯವೂ ಅತ್ತಿತು. ಅರವತ್ತು ದಾಟಿದ, ಅಂಬಾರಿ ಹೊರುವುದರಿಂದ ನಿವೃತ್ತನಾದ ಆನೆಯನ್ನು ಅಂಥ ಕೆಲಸಕ್ಕೆ ಕರೆತರಬೇಕಿತ್ತೆ ಎಂದು ಆಗ ಎದ್ದ ಪ್ರಶ್ನೆ ನ್ಯಾಯವಾದದ್ದೇ.

ದೊಡ್ಡ ಪ್ರಾಣಿಗಳಿಗೆ ಕಣ್ಣೀರು ಸಿಗುತ್ತದೆ. ಮಂಗಗಳಿಗೆ ಅದೂ ಇಲ್ಲ. 2021ರ ಜುಲೈ ಕೊನೆಯಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ರಸ್ತೆ ಬದಿಯಲ್ಲಿ ಬಿದ್ದಿದ್ದ ಚೀಲಗಳನ್ನು ಊರಿನ ಯುವಕರು ಬಿಚ್ಚಿದಾಗ ಒಳಗೆ ಮಂಗಗಳಿದ್ದವು. 38 ಸತ್ತಿದ್ದವು, ಕೆಲವು ಇನ್ನೂ ಉಸಿರಾಡುತ್ತಿದ್ದವು. ಯುವಕರು ನೀರು ಕುಡಿಸಿ ಬದುಕಿಸಲು ನೋಡಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹಾಸನದ ಯಾವ ತೆಂಗಿನ ತೋಟದವರನ್ನು ಕೇಳಿದರೂ ಮಂಗನ ಬಗ್ಗೆ ಒಳ್ಳೆಯ ಮಾತು ಬರುವುದಿಲ್ಲ. ಎಳನೀರು ಕಿತ್ತು ಅರ್ಧ ಕುಡಿದು ಎಸೆಯುವ, ಹೆಂಚು ಸರಿಸುವ, ಅಡುಗೆಮನೆಗೆ ನುಗ್ಗುವ ಪ್ರಾಣಿ ಅದು. ಸಿಟ್ಟು ಅರ್ಥವಾಗುವಂಥದ್ದೆ. ಆದರೆ ಮಂಗ ಹಿಡಿಯಲು ದುಡ್ಡು ಕೊಟ್ಟು, ಹಿಡಿದದ್ದನ್ನು ಎಲ್ಲಿ ಬಿಟ್ಟರೆಂದು ಕೇಳದೆ ಇರುವ ಊರುಗಳು ಒಂದು ಊರಿನ ಕಾಟವನ್ನು ಇನ್ನೊಂದು ಊರಿಗೆ ದಾಟಿಸುತ್ತಿವೆ, ಇಲ್ಲವೆ ಚೀಲ ತುಂಬಿಸುತ್ತಿವೆ.

ಕೊನೆಗೆ ಎಲ್ಲಕ್ಕಿಂತ ಹೆಚ್ಚು ಜೀವ ತೆಗೆಯುವ, ಎಲ್ಲಕ್ಕಿಂತ ಕಡಿಮೆ ಸುದ್ದಿಯಾಗುವ ಮುಖಾಮುಖಿ. ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ ಎಂಬುದು 2000ದಿಂದ 2019ರವರೆಗಿನ ಸಾವುಗಳನ್ನು ಲೆಕ್ಕಹಾಕಿದ ಅಧ್ಯಯನದ ಅಂದಾಜು. ಆನೆ, ಚಿರತೆ, ಕರಡಿ, ಹುಲಿ ಎಲ್ಲ ಸೇರಿಸಿದರೂ ಇದರ ಹತ್ತಿರಕ್ಕೂ ಬರುವುದಿಲ್ಲ. ಸಾಯುವವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವೇ ಮುಖ್ಯವಾಗಿ ಕಾರಣ. ಕೊಳಕುಮಂಡಲ ಇಲಿ ಹುಡುಕಿಕೊಂಡು ರಾಗಿ ಹೊಲದ ಬದುವಿನಲ್ಲಿ ಮಲಗಿರುತ್ತದೆ. ಕಟ್ಟುಹಾವು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚುತ್ತದೆ. ಗಾಯ ಸರಿಯಾಗಿ ಕಾಣುವುದಿಲ್ಲ, ನೋವೂ ಕಡಿಮೆ, ಬೆಳಗಾಗುವಷ್ಟರಲ್ಲಿ ರೆಪ್ಪೆ ಎತ್ತಲಾಗುವುದಿಲ್ಲ.

ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕಾರಣವಿದೆ. ಅದು ತ್ರೀಫೇಸ್ ಕರೆಂಟು. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಕರೆಂಟು ಬಂದರೆ ರೈತ ನಡುರಾತ್ರಿ ಎದ್ದು ಹೊಲಕ್ಕೆ ನಡೆಯಲೇಬೇಕು. ಬರಿಗಾಲು ಅಥವಾ ಹವಾಯಿ ಚಪ್ಪಲಿ, ಕೈಯಲ್ಲಿ ಮೊಬೈಲಿನ ಮಂಕು ಬೆಳಕು. ಹಾವು, ಕರಡಿ, ಚಿರತೆ, ಆನೆ ಎಲ್ಲವೂ ಓಡಾಡುವ ಹೊತ್ತಿಗೇ ಸರಿಯಾಗಿ ಮನುಷ್ಯನನ್ನೂ ಹೊರಗೆ ಕಳಿಸುವ ವೇಳಾಪಟ್ಟಿ ಅದು. ಹಗಲು ಕರೆಂಟು ಕೊಡಿ ಎಂದು ರೈತರು ಕೇಳುವುದನ್ನು ಬರೀ ನೀರಾವರಿ ಬೇಡಿಕೆ ಎಂದು ನೋಡಬಾರದು. ವನ್ಯಜೀವಿ ಸಂಘರ್ಷ ತಡೆಯಲು ಹಾಕುವ ಯೋಜನೆಗಳಲ್ಲಿ ಇದಕ್ಕಿಂತ ಕಡಿಮೆ ಖರ್ಚಿನದು ಇನ್ನೊಂದು ಸಿಗಲಿಕ್ಕಿಲ್ಲ.

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚಿದೆ ಎಂದು ಗೊತ್ತಾದರೆ ತಾನೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಔಷಧಿ ಇಡಬೇಕೆಂದು ತಿಳಿಯುವುದು. ಕಾಡುಪ್ರಾಣಿ ದಾಳಿಯಲ್ಲಿ ಸತ್ತವರ ಕುಟುಂಬದ ಪರಿಹಾರ 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿತು. ಬೆಳೆ ಹಾನಿಗೆ, ಜಾನುವಾರು ಸಾವಿಗೆ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹೋಗುತ್ತದೆ. ಚಿರತೆ ಕುರಿ ಹಿಡಿದರೆ, ಆನೆ ಬಾಳೆ ತುಳಿದರೆ ಸಿಟ್ಟಿನಲ್ಲಿ ಉರುಳು ಹಾಕುವ, ಬೇಲಿಗೆ ಕರೆಂಟು ಹರಿಸುವ ಮುಂಚೆ ಒಂದು ಫೋಟೊ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ದೂರು ಕೊಡಿ. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬೀಳುತ್ತದೆ, ಬೇಲಿಯ ಕರೆಂಟಿಗೆ ಸಿಗುವವರು ಕೆಲವೊಮ್ಮೆ ಮನೆಯವರೇ.

ಉಳಿದಂತೆ ಪಾಲಿಸಬೇಕಾದ್ದು ಇಷ್ಟು. ಕತ್ತಲಲ್ಲಿ ಹೊಲಕ್ಕೆ ಹೋಗಲೇಬೇಕಿದ್ದರೆ ಒಳ್ಳೆಯ ಟಾರ್ಚು, ಗಟ್ಟಿ ಬೂಟು ಇರಲಿ. ಒಬ್ಬರೇ ಹೋಗಬೇಡಿ, ಮಾತಾಡುತ್ತಾ ನಡೆಯಿರಿ, ಕರಡಿಗೆ ನೀವು ಬರುತ್ತಿದ್ದೀರಿ ಎಂದು ಗೊತ್ತಾಗಲಿ. ಕುರಿ ಕೊಟ್ಟಿಗೆಗೆ ಮೇಲೂ ಜಾಲರಿ ಹಾಕಿಸಿ. ಚಿರತೆ ಕಂಡರೆ ಬೆನ್ನು ತಿರುಗಿಸಿ ಓಡಬೇಡಿ, ಮಕ್ಕಳನ್ನು ಎತ್ತಿಕೊಂಡು ಮೆಲ್ಲಗೆ ಹಿಂದೆ ಸರಿಯಿರಿ. ಆನೆಯ ಜೊತೆ ಸೆಲ್ಫಿ ಬೇಡ. ಹಾವು ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ತಾಲ್ಲೂಕು ಆಸ್ಪತ್ರೆಗೋ ಹಾಸನದ ಜಿಲ್ಲಾ ಆಸ್ಪತ್ರೆಗೋ ನೇರ ಹೋಗಿ. ಕಾಡುಪ್ರಾಣಿ ಊರೊಳಗೆ ಬಂದರೆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೊ ಹಾಕುವ ಮೊದಲು ಅರಣ್ಯ ಸಹಾಯವಾಣಿಗೆ ತಿಳಿಸಿ. ಅದರ ಸಂಖ್ಯೆ 1926.